ಪಾಲಿಶ್ ಡಬ್ಬಿಯಲ್ಲಿ ಬಂದ ಕಡಲು

ಬೂಟ್‌ಪಾಲಿಶಿನ ವಾಸನೆ ಬಂದರೆ ಇವತ್ತಿಗೂ ನನಗೆ ಕಡಲು ನೆನಪಾಗುತ್ತದೆ. ಹಿರೇಕೆರೂರಿನ ನಮ್ಮ ಮನೆಯಲ್ಲಿ ಕಡಲು ನೋಡಿದವರು ಯಾರೂ ಇರಲಿಲ್ಲ. ಅದು ವರ್ಷಕ್ಕೊಮ್ಮೆ ಮಾಮಾನ ಟ್ರಂಕಿನಲ್ಲಿ, ಖಾಲಿ ಪಾಲಿಶ್ ಡಬ್ಬಿಗಳಲ್ಲಿ ಬರುತ್ತಿತ್ತು. ಮಾಮಾ ಅವ್ವನ ತಮ್ಮ, ದುಂಡಸಿಯವನು. ಮಿಲಿಟರಿ ಸೇರಿ ಹಿಮಾಲಯದ ಸ್ಪಿತಿ ಕಣಿವೆಯಲ್ಲಿ ರಸ್ತೆಗೆ ಬಂಡೆ ಒಡೆಸುತ್ತಿದ್ದ. ಒಂದು ಕಾಲಕ್ಕೆ ಕಡಲ ತಳವಾಗಿದ್ದ ಆ ಬಂಡೆಗಳಲ್ಲಿ ಟ್ರೈಲೊಬೈಟುಗಳು ಸಿಗುತ್ತಿದ್ದವು. ಏಡಿ, ಸೀಗಡಿಗಳ ದೂರದ ಬಳಗದ, ಎಂದೋ ಅಳಿದುಹೋದ ಕಡಲಜೀವಿಗಳು, ಕಲ್ಲಾಗಿ ಉಳಿದವು. ನನಗೆಂದು ಅವನ್ನು ಅರಳೆಯಲ್ಲಿ ಸುತ್ತಿ ತರುತ್ತಿದ್ದ. ಒಂದು ಮಾತ್ರ ಗುಂಡಗೆ ಸುತ್ತಿಕೊಂಡಿತ್ತು. "ಮ್ಯಾಲೆ ಕೆಸರ ಬಿದ್ದಾಗ ಅಂಜಿ ಮುದುಡೇತಿ ನೋಡವಾ. ಮತ್ತ ಬಿಚ್ಚಾಕ ಪುರಸೊತ್ತ ಸಿಗಲಿಲ್ಲ" ಎಂದಿದ್ದ.

ನಾನು ನೋಟಬುಕ್ಕಿನಲ್ಲಿ ಗೆರೆ ಹೊಡೆದು ಎಲ್ಲವನ್ನೂ ಬರೆದಿಡುತ್ತಿದ್ದೆ: ಮಾಮಾ ಬಂದ ದಿನ, ಹೋದ ದಿನ, ತಂದ ಡಬ್ಬಿ ಎಷ್ಟು, ಮುಂದಿನ ರಜೆಗೆ ಇನ್ನೆಷ್ಟು ದಿನ. ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ, ಎಪ್ಪತ್ತೊಂಬತ್ತರಲ್ಲಿ, ಅಪ್ಪನ ಅವ್ವ, ನಮ್ಮ ಆಯಿ, ಆ ನೋಟಬುಕ್ಕನ್ನು ನಮ್ಮ ಚಿಕ್ಕಪ್ಪನ ಹೆಂಡತಿ ಕಾಕುವಿನಿಂದ ಓದಿಸಿದಳು. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ರೂಢಿ. "ಅಂವ ತರಾಂವ, ಇಕಿ ದಿನಾ ಎಣಸಾಕಿ. ಇನ್ನ ಕೇಳೂದೇನೈತಿ?" ಎಂದಳು ಆಯಿ. ಕಾಕು ಬಿದ್ದು ಬಿದ್ದು ನಕ್ಕಳು: "ಮಂದಿ ಬಂಗಾರ ತರ್ತಾರ, ನಮ್ಮ ಅಳಿಯ ಏಡಿ ತಂದಾನ!" "ಅದು ಕಲ್ಲಿನ ಲೆಕ್ಕ, ಆಯಿ" ಎಂದೆ. "ಆತಾತು, ನಾಚ್ಕೊಬ್ಯಾಡ" ಎಂದರು. ಅಲ್ಲ ಎಂದಷ್ಟೂ ಅದು ಹೌದಾಗುತ್ತಿತ್ತು. ಮದುವೆಯಾಗುವವಳಿಗೆ ಪರೀಕ್ಷೆ ಯಾಕೆಂದು ಶಾಲೆ ಬಿಡಿಸಿದರು. ಅಪ್ಪನ ವ್ಯಾಪಾರದ ಅರಳೆ ಅಂಡಿಗೆಗಳು, ಆ ದೊಡ್ಡ ಮೂಟೆಗಳು, ಅರ್ಧ ಮುಚ್ಚಿದ ನಡುಮನೆಯ ಕಿಟಕಿಯಿಂದ, ಗೆಳತಿಯರು ಶಾಲೆಗೆ ಹೋಗುವುದನ್ನು ನೋಡುತ್ತಾ ಕೂತೆ. ಹೊರಗೆ ಹೋದವರನ್ನು ಎಣಿಸಿದ್ದೂ ಆ ನೋಟಬುಕ್ಕಿನಲ್ಲಿದೆ.

ಮದುವೆ ಮಾತಿನ ಕಾಗದ ಮುಟ್ಟಿ ಮಾಮಾ ಬಂದ. ಕಟ್ಟೆಯ ಮೇಲೆ ಕುಳಿತ, ಬೂಟು ಕಳಚಲಿಲ್ಲ. "ಅಕ್ಕಾ, ಇಕಿಗೆ ಅಕ್ಷರಾ ತಿದ್ದಿಸಿದಾಂವ ನಾ. ನನಗ ಮಗಳಿದ್ದಂಗ. ಪರೀಕ್ಷಾಕ್ಕ ಕೂಡಸ್ರಿ" ಎಂದ. ಅಪ್ಪನ ಮುಖ ಕಪ್ಪಿಟ್ಟಿತು. "ನಮ್ಮ ಹುಡುಗೀನ ಒಲ್ಲೆ ಅಂದಿ. ಇನ್ನ ಈ ಹೊಸ್ತಿಲಾ ತುಳೀಬ್ಯಾಡ." ನನಗೂ ಬ್ಯಾಡ ಎಂದು ನಾನೊಂದು ಮಾತು ಆಡಿದ್ದರೆ ತಪ್ಪೆಲ್ಲ ಅವನೊಬ್ಬನ ತಲೆಗೆ ಬರುತ್ತಿರಲಿಲ್ಲ. ಬಾಗಿಲ ಹಿಂದೆಯೇ ನಿಂತಿದ್ದೆ. ಮಾಮಾ ಒಂದು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಅವ್ವ ಮೂರು ದಿನ ಒಲೆ ಹಚ್ಚಲಿಲ್ಲ. "ನನ್ನ ತವರಂತೂ ಹೋತು. ಆಕಿ ಪರೀಕ್ಷಾನರ ಬರೀಲಿ" ಎಂದಳು. ಬರೆದೆ.

ಮಾಮಾ ಮತ್ತೆ ಬರಲಿಲ್ಲ; ಗುಡ್ಡದ ಕಡೆಯೇ ತೀರಿಕೊಂಡನೆಂದು ಎಷ್ಟೋ ವರ್ಷಗಳ ಮೇಲೆ ಕಾಗದ ಬಂತು. ಆಯಿ ಇಲ್ಲ, ಅವ್ವ ಇಲ್ಲ, ಆ ಕಟ್ಟೆಯೂ ಇಲ್ಲ. ನೋಟಬುಕ್ಕು ಇದೆ. ಕೊನೆಯ ಸಾಲು: ಬಂದದ್ದು ಮುಂಜಾನೆ, ಹೋದದ್ದು ಮುಂಜಾನೆ, ಡಬ್ಬಿ ಒಂದು. ಅದರ ಕೆಳಗೆ, ಮುಂದಿನ ರಜೆಗಳಿಗೆಂದು ನಾನು ಮೊದಲೇ ಹೊಡೆದಿಟ್ಟ ಗೆರೆಗಳು, ಪುಟದ ತುದಿಯವರೆಗೆ.