ಹಗೇವಿನ ಬಾಯಿಗೆ ಎರಡು ಅಂಗೈ

ಇದು ಆಗುವ ಮಾತಲ್ಲ ಎಂದವರು ನಮ್ಮ ಸೋದರಮಾವ. ‘ಬಾಂಬು, ಕ್ಷಿಪಣಿ, ಒಪ್ಪಂದ… ಇವೆಲ್ಲಾ ದಿಲ್ಲಿಯವರ ಓದು. ಅಣ್ಣಿಗೇರಿ ಬಸ್ ಪಾಸಿನ ಹುಡುಗಿಗ್ಯಾಕ?’ ಎಂದು ನಮ್ಮ ಕಟ್ಟೆಯ ಮೇಲೆ ಕೂತು ನಕ್ಕಿದ್ದರು. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮುಗಿಸಿದವರಲ್ಲಿ ನಾನೇ ಮೊದಲು. ಅದರ ಮೇಲೆ ದೂರದ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ಶಸ್ತ್ರಾಸ್ತ್ರ ನಿಯಂತ್ರಣ ಮತ್ತು ಅಂತರರಾಷ್ಟ್ರೀಯ ಭದ್ರತೆ ಎಂಬ ಎರಡು ವರ್ಷದ ಓದಿಗೆ ಅರ್ಜಿ ಹಾಕಿದ್ದೆ. ಹೋಗಲಿ ಎಂದವಳು ಬಾಜು ಮನೆಯ ದೊಡ್ಡವ್ವ ಒಬ್ಬಳೇ. ‘ಬಾಂಬ್ ಮಾಡಾಕಲ್ಲೋ ತಮ್ಮಾ, ಇದ್ದ ಬಾಂಬ್ ಕಡಿಮಿ ಮಾಡಾಕಂತ. ಒಳ್ಳೇದ ಅಲ್ಲೇನ? ಹೋಗ್ಲಿ ಬಿಡು’ ಎಂದಿದ್ದಳು.

ಹೋದ ವಾರ ಗಟಾರಕ್ಕೆಂದು ಬಂದ ಜೆಸಿಬಿ ನಮ್ಮೆರಡು ಮನೆಗಳ ನಡುವಿನ ಅಂಗಳ ಅಗೆಯಿತು. ಹಳೆಯ ಹಗೇವಿನ ಬದಿ ಒಡೆದು, ಒಳಗಿನಿಂದ ಮುಗ್ಗಲು ಜೋಳದ ವಾಸನೆ ಎದ್ದಿತು. ಖಾಲಿ ಬಿದ್ದು ಇಷ್ಟು ದಿನವಾದರೂ ಅದೇ ವಾಸನೆ… ದೊಡ್ಡವ್ವ ಬಂದು ಬಾಜುವಿನಲ್ಲಿ ನಿಂತಂತಾಯಿತು.

ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಊರಲ್ಲಿ ಉಳಿದಿದ್ದ ಕೊನೆಯದು ಅದು, ಎರಡೂ ಮನೆಯ ಪಾಲಿನದು. ಹೊಲದ ಬದುವಿನ ಜಗಳದಲ್ಲಿ ನಮ್ಮಪ್ಪನೂ ದೊಡ್ಡವ್ವನ ಗಂಡನೂ ಮಾತು ಬಿಟ್ಟಿದ್ದರು. ಜೋಳ ಮಾತ್ರ ಒಂದೇ ಗುಂಡಿಯಲ್ಲಿತ್ತು. ಬಾಯಿಗೆ ಕಲ್ಲು ಮುಚ್ಚಿ, ಹಸಿ ಮಣ್ಣು ಮೆತ್ತಿದ ಮೇಲೆ ನಮ್ಮವ್ವ ಒಂದು ಅಂಗೈ ಒತ್ತುತ್ತಿದ್ದಳು, ದೊಡ್ಡವ್ವ ಒಂದು. ತೆಗೆಯುವ ದಿನ ಇಬ್ಬರೂ ಬಂದು ತಮ್ಮ ತಮ್ಮ ಕೈಗುರುತು ನೋಡಿಕೊಂಡ ಮೇಲೆಯೇ ಮಣ್ಣು ಒಡೆಯುವುದು. ‘ನಿಮ್ಮವ್ವನ ಕೈ ನೋಡ, ಅಗದಿ ಎಮ್ಮಿ ಹೆಜ್ಜಿ ಆಗೇತಿ’ ಎಂದು ದೊಡ್ಡವ್ವ ನನ್ನನ್ನು ನಗಿಸುತ್ತಿದ್ದಳು.

ಆ ಓದಿನ ಸಂದರ್ಶನದಲ್ಲಿ ಕೇಳಿದ್ದರು: ಒಂದನ್ನೊಂದು ನಂಬದ ಎರಡು ದೇಶಗಳು ಅಣ್ವಸ್ತ್ರ ಕಡಿಮೆ ಮಾಡಲು ಒಪ್ಪಿದರೆ, ಎದುರಿನವರು ಮೋಸ ಮಾಡಿಲ್ಲವೆಂದು ಹೇಗೆ ತಿಳಿಯಬೇಕು? ನಾನು ನಮ್ಮ ಹಗೇವಿನ ಕತೆ ಹೇಳಿದೆ. ಮೇಜಿನಾಚೆ ಕೂತವರು ಪೆನ್ನು ಕೆಳಗಿಟ್ಟು ಕೇಳಿದರು. ಸೀಟು ಸಿಕ್ಕಿತು. ಸುದ್ದಿ ತಿಳಿದು ಹುಬ್ಬಳ್ಳಿಯಿಂದ ಪತ್ರಿಕೆಯವರು ಬಂದಾಗ ಅದನ್ನೇ ಇನ್ನಷ್ಟು ಖಾರ ಹಚ್ಚಿ ಹೇಳಿದೆ. ‘ವೈರಿ ಮನೆ’ ಎಂದು ಅಚ್ಚಾಯಿತು. ಆ ಮಾತು ನನ್ನದೇ, ಅವರು ಸೇರಿಸಿದ್ದಲ್ಲ.

ಗಿರಣಿಯಲ್ಲಿ ಯಾರೋ ಓದಿ ಹೇಳಿದ್ದಾರೆ. ದೊಡ್ಡವ್ವ ಹಿಟ್ಟಿನ ಡಬ್ಬಿ ಹೊತ್ತುಕೊಂಡೇ ನಮ್ಮ ಬಾಗಿಲಿಗೆ ಬಂದಳು.

‘ನಾ ವೈರಿ ಏನ ಬೇ?’

‘ಅದು ಉದಾಹರಣಿ, ದೊಡ್ಡವ್ವಾ…’

‘ಉದಾಹರಣಿಗಿ ನಿಮ್ಮವ್ವ ಇದ್ದಿದ್ದಿಲ್ಲೇನ?’

ಡಬ್ಬಿ ಕೆಳಗಿಡಲಿಲ್ಲ. ‘ನಿಮ್ಮನ್ನ ನಂಬಲಾರದ್ದಕ್ಕ ಕೈ ಒತ್ತತಿದ್ನೇನ? ನಾಳಿ ಕಾಳು ಕಡಿಮಿ ಬಂದ್ರ ನಿಮ್ಮಪ್ಪ ಕದ್ದಾನಂತ ನನ್ನ ಗಂಡ ಅನಬಾರದು. ಅದಕ್ಕ ಒತ್ತತಿದ್ದೆ’ ಎಂದಳು.

ನನಗೆ ಸಂಜೆಯ ರೈಲಿತ್ತು. ಚೀಲ ಕಟ್ಟುವುದಿದೆ ಎಂದು ಒಳಗೆ ಹೋದೆ.

ಆ ಸಲ ಹಗೇವು ತೆಗೆದಾಗ ಆಕೆ ತನ್ನ ಪಾಲನ್ನು ಚೀಲಕ್ಕೆ ತುಂಬಿಸಿಕೊಂಡು ಹೋದಳಂತೆ. ಮತ್ತೆ ಬರಲಿಲ್ಲ. ಒಂದೇ ಕೈ ಒತ್ತಿ ಮುಚ್ಚಲು ನಮ್ಮವ್ವನಿಗೆ ಮನಸ್ಸಾಗಲಿಲ್ಲ. ಹಗೇವು ಹಾಗೇ ಖಾಲಿ ಉಳಿಯಿತು.

ನಾನು ಅಲ್ಲಿ ಕೊನೆಯ ವರ್ಷದ ಪ್ರಬಂಧ ಬರೆಯುತ್ತಿದ್ದೆ. ತಪಾಸಣೆ ಇರುವುದು ಕಳ್ಳನನ್ನು ಹಿಡಿಯಲಷ್ಟೇ ಅಲ್ಲ, ಪ್ರಾಮಾಣಿಕನ ಮೇಲೆ ಅಪವಾದ ಬಾರದಂತೆ ಕಾಯಲು ಕೂಡ ಎಂದು ಬರೆದೆ. ಹೊಸ ವಿಚಾರ ಎಂದು ಗುರುಗಳು ಹೊಗಳಿದರು. ಆಕೆಯ ಕೈಗುರುತು ನನಗೆ ಸೀಟು ಕೊಡಿಸಿತ್ತು, ಆಕೆಯ ಸಿಟ್ಟು ಅಂಕವನ್ನೂ ಕೊಡಿಸಿತು. ಪ್ರಬಂಧ ಒಪ್ಪಿಸುವ ವಾರದಲ್ಲೇ ಅವ್ವನ ಫೋನು ಬಂತು, ದೊಡ್ಡವ್ವ ಹೋದಳೆಂದು. ನಾನು ಮಣ್ಣಿಗೂ ಬರಲಿಲ್ಲ. ಊರಿಗೆ ಹೋದಾಗ ಹೇಳಿದರಾಯಿತು ಎಂದುಕೊಂಡಿದ್ದ ಮಾತು… ಅದನ್ನು ಎಲ್ಲಿಂದ ಶುರು ಮಾಡಬೇಕಿತ್ತೋ ಇವತ್ತಿಗೂ ತಿಳಿದಿಲ್ಲ.

ಮೊನ್ನೆ ಅಂಚೆಯಲ್ಲಿ ಪದವಿ ಪತ್ರ ಬಂತು, ಅವ್ವನ ಕೈಗೆ ಕೊಟ್ಟೆ. ನನಗೆ ಹೆಮ್ಮೆಯಿತ್ತು, ಸುಳ್ಳು ಹೇಳಲಾರೆ. ಅಪ್ಪ ಆಗಲೇ ಗೋಡೆಗೆ ಮೊಳೆ ಹುಡುಕುತ್ತಿದ್ದ. ಓದಲು ಬಾರದ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಹಿಡಿದಳು, ಅಕ್ಷರಗಳ ಮೇಲೆ ಕಣ್ಣಾಡಿಸಿದಳು. ಆಮೇಲೆ ತಿರುಗಿ ನನ್ನ ಕೈಗೇ ಇಟ್ಟಳು.

‘ಮೊದಲ ಬಾಜು ಮನೀಗೆ ಹೋಗಿ ಆಕಿ ಗಂಡಗ ತೋರ್ಸಿ ಬಾ. ಒಳಗ ಕರದ್ರ ಹೋಗು. ಕರೀಲಿಲ್ಲಂದ್ರ ಹೊರಗ ನಿಂತ ತೋರ್ಸು.’