ಗೋಣೆಪ್ಪನ ಎಡಗೈ ಮತ್ತು ಐರಣಿಯ ನೀರುಹಾವು

ನಮ್ಮ ಹಾವೇರಿ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನ ಅಟೆಂಡರ್ ಗೋಣೆಪ್ಪ ಹಾವಿನ ಬಾಟಲಿಗಳನ್ನು ಬಲಗೈ ಒಂದರಿಂದಲೇ ಎತ್ತುತ್ತಿದ್ದ. ಎಡಗೈ ಬೆನ್ನ ಹಿಂದೆ. ಮುಂಜಾನೆ ಇಷ್ಟಲಿಂಗ ಇಟ್ಟು ಪೂಜಿಸುವ ಅಂಗೈ ಅದು, ಹಾವಿನ ನಾತ ತಾಗಬಾರದು. ಬಲಗೈಗೆ ಬಾಟಲಿಯೊಳಗಿನ ಫಾರ್ಮಾಲಿನ್ ನಾತ ಹೇಗೆ ಮೆತ್ತಿಕೊಂಡಿತ್ತೆಂದರೆ, ಗುತ್ತಲದ ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಗದಿಗೆವ್ವ ರೊಟ್ಟಿ ಬುಟ್ಟಿ ಸರಿಸಿ, "ಮುಟ್ಟಬ್ಯಾಡ್ರಿ, ನಾನ ಹಾಕ್ತೇನಿ," ಎನ್ನುತ್ತಿದ್ದಳು. ಅವನು ನುಚ್ಚನ್ನೂ ಚಮಚದಲ್ಲೇ ಉಣ್ಣುತ್ತಿದ್ದ.

೧೯೮೮ರಲ್ಲಿ ಪ್ರಿನ್ಸಿಪಾಲರು ಕೊನೆಗೂ ಅವನನ್ನು ಲೈಬ್ರರಿಗೆ ಹಾಕಲು ಒಪ್ಪಿದರು. ಆದರೆ ಅದಕ್ಕೆ ಮೊದಲು ನಿವೃತ್ತರಾಗಲಿದ್ದ ವಿರೂಪಾಕ್ಷಪ್ಪ ಸರ್ ಕಪಾಟಿನ ಹಾವುಗಳನ್ನೆಲ್ಲ ಹೊಸ ಲೆಕ್ಚರರ್ ಕುತುಬುದ್ದೀನ ಸರ್‌ಗೆ ಹೆಸರು ಹೇಳಿ ಒಪ್ಪಿಸಬೇಕಿತ್ತು. ನಾಗರ, ಕೇರೆ, ಮಂಡಲ ಸಲೀಸಾಗಿ ದಾಟಿದವು. ಐರಣಿ ಹೊಳೆಯಲ್ಲಿ ಹಿಡಿದಿದ್ದ ನೀರುಹಾವಿನ ಮುಂದೆ ಇಬ್ಬರೂ ನಿಂತುಬಿಟ್ಟರು.

ಅಬ್ಬಾ, ಎಂಥ ಜಗಳ! ನಾವು ಕ್ಲಾಸು ಬಿಟ್ಟು ಬಂದು ಮೂಗು ಮುಚ್ಚಿಕೊಂಡೇ ನೋಡುತ್ತಿದ್ದೆವು. ವಿರೂಪಾಕ್ಷಪ್ಪ ಸರ್ ಪ್ರಕಾರ ಅದು ನೇಟ್ರಿಕ್ಸ್ ಕುಲ. ವಿಜ್ಞಾನಿಗಳು ಆ ದೊಡ್ಡ ಕುಲವನ್ನು ಒಡೆದು ಎಷ್ಟೋ ಕಾಲವಾಯಿತು, ನಮ್ಮ ಹಾವು ಈಗ ಝೆನೊಕ್ರೋಫಿಸ್ ಕುಲದ್ದು ಎಂದು ಕುತುಬುದ್ದೀನ ಸರ್.

"ನನ್ನ ಹುಡುಗೂರೆಲ್ಲಾ ಹಳೇ ಹೆಸರು ಬರದ ಪಾಸಾಗ್ಯಾರ. ಈಗ ಅವ್ರನ್ನ ಫೇಲ್ ಮಾಡ್ಲೇನು?"

"ಹುಡುಗೂರ ಸುದ್ದಿ ಬಿಡ್ರಿ ಸರ್. ಹಲ್ಲು ನೋಡಿದ್ರ ಕುಲಾ ಗೊತ್ತಾಗತೈತಿ, ನೋಡೂಣು ಬರ್ರಿ."

"ಹಲ್ಲು ನೋಡಾಕ ಇದೇನು ಎತ್ತಿನ ಸಂತಿ ಏನ್ರಿ?"

ದಿನಾ ಮಧ್ಯಾಹ್ನ ಗೋಣೆಪ್ಪ ಹಾವನ್ನು ಹೊರಗೆ ತೆಗೆಯಬೇಕು, ದಿನಾ ಅದರ ಚರ್ಮ ಸ್ವಲ್ಪ ಸುಲಿಯುತ್ತಿತ್ತು. ಒಮ್ಮೆ ಹೊಟ್ಟೆ ಬಿರಿದು, ಬೂದುಬಣ್ಣದ ಲೋಳೆಯೊಳಗಿಂದ ಅರ್ಧ ಕರಗಿದ ಕಪ್ಪೆಯ ಕಾಲು ಜಾರಿ ಟೇಬಲ್ಲಿಗೆ ಬಿತ್ತು. ಗೋಣೆಪ್ಪ ಕಿಟಕಿಯಲ್ಲಿ ಓಕರಿಸಿ ಬಂದ.

"ಏನರ ಒಂದು ಹೆಸರು ಇಡ್ರೀ ಸರ್. ತೊಟ್ಟಿಲದಾಗಿನ ಕೂಸಿಗೂ ಇಷ್ಟ ತಡಾ ಮಾಡೂದಿಲ್ಲ."

ಕೊನೆಗೊಂದು ದಿನ ಕುತುಬುದ್ದೀನ ಸರ್ ಚಿಮಟದಿಂದ ದವಡೆ ಎಳೆದಾಗ ಹಾವು ಗೋಣೆಪ್ಪನ ಬಲಗೈಯಿಂದ ಜಾರಿತು. ನೆಲಕ್ಕೆ ಬಿದ್ದು ಚೂರಾದರೆ ಇನ್ನೊಂದನ್ನು ಹಿಡಿದು ತರುತ್ತಾರೆ, ಮತ್ತೆ ಇದೇ ಗೋಳು! ಬೆನ್ನ ಹಿಂದಿದ್ದ ಎಡಗೈ ತಾನಾಗಿ ಮುಂದೆ ಬಂತು. ಹಾವು ಪಚಕ್ಕನೆ ಅಂಗೈ ಮೇಲೆ ಬಿತ್ತು, ಕೊಳೆತ ನೀರು ಮಣಿಕಟ್ಟಿನಿಂದ ತೋಳಿಗೆ ಇಳಿಯಿತು.

"ಅಲುಗಾಡಬ್ಯಾಡ ಗೋಣೆಪ್ಪ! ಹಲ್ಲು ಕಾಣಾಕತ್ತಾವ!" ಕುತುಬುದ್ದೀನ ಸರ್ ಕೂಗಿದರು.

ಇಬ್ಬರೂ ಭೂತಗನ್ನಡಿ ಹಿಡಿದು ಬಗ್ಗಿದರು. ವಿರೂಪಾಕ್ಷಪ್ಪ ಸರ್ ಭೂತಗನ್ನಡಿ ಕೆಳಗಿಟ್ಟರು. "ಹಲ್ಲು ನೀವು ಹೇಳಿದಂಗ ಅದಾವ, ಖರೆ. ಆದ್ರ ಅಷ್ಟಕ್ಕ ಕುಲಾ ಬ್ಯಾರೆ ಆಗೂದಿಲ್ಲ."

ಗೋಣೆಪ್ಪ ತಲೆಯೆತ್ತಿದ. "ಸರ್, ನಿಮ್ಮ ಎಡಗೈ ಚಾಚ್ರಿ."

"ಯಾಕೋ?"

"ನೀವೂ ಲಿಂಗಾ ಕಟ್ಟಿದವ್ರು. ಹೆಸರು ಗಟ್ಟಿ ಆಗೂತನಕಾ ನೀವ ಹಿಡೀರಿ."

ವಿರೂಪಾಕ್ಷಪ್ಪ ಸರ್ ಎರಡು ಹೆಜ್ಜೆ ಹಿಂದೆ ಸರಿದರು. ಅವನ ತೋಳಿನಿಂದ ತೊಟ್ಟಿಕ್ಕುವುದನ್ನು ನೋಡಿದರು. "ಕುತುಬುದ್ದೀನ, ಎರಡೂ ಹೆಸರು ಬರಕೊಳ್ರಿ. ಲಗೂನ ಸಹಿ ಮಾಡ್ತೇನಿ."

ಲೈಬ್ರರಿಯ ಕೀಲಿಕೈ ಅಂದೇ ಸಿಕ್ಕಿತು. ಗೋಣೆಪ್ಪ ಅದನ್ನು ಅಂಗಿಯ ಕಿಸೆಗೆ ಹಾಕಿಸಿಕೊಂಡು ನಳದ ಕೆಳಗೆ ಕುಳಿತ. ಸೋಪಿನಿಂದ, ಬೂದಿಯಿಂದ, ಹುಣಸೆಹಣ್ಣಿನಿಂದ ಅಂಗೈ ತಿಕ್ಕಿದ, ಮೂಸಿದ, ಥೂ ಎಂದು ಉಗುಳಿ ಮತ್ತೆ ತಿಕ್ಕಿದ. ಗುತ್ತಲದ ಬಸ್ಸು ಹೋಯಿತು, ಅವನು ಏಳಲಿಲ್ಲ.