ಸಾಂತಪ್ಪ ಮೇಸ್ತ್ರಿಯ ಹೆಬ್ಬೆರಳು

ಸಿದ್ದಾಪುರದ ಕಡೆಯ ಕಾಫಿ ತೋಟಗಳಲ್ಲಿ ಸಾಂತಪ್ಪ ಮೇಸ್ತ್ರಿಯನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗೈಯಲ್ಲಿ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಸಾಲಿನ ನಡುವೆ ನಡೆಯುತ್ತಿದ್ದ. ದೆಹಲಿ ನೋಡಿ ಬಂದ ಮೇಲೆ ಮೇಸ್ತ್ರಿಗೆ ದೊರೆಗಳ ಗತ್ತು ಬಂದಿದೆ ಎಂದು ಲೈನುಮನೆಗಳ ಕೂಲಿ ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಅದು ಗತ್ತಲ್ಲ. ಮನುಷ್ಯ ತನ್ನ ಕೈಯನ್ನು ತಾನೇ ಹಿಡಿದುಕೊಂಡು ತಿರುಗುತ್ತಿದ್ದ, ಅಷ್ಟೆ.

ಮೂರ್ನಾಡಿನ ಹತ್ತಿರದ ಗೌಡರ ಮನೆಯವನು ಸಾಂತಪ್ಪ. ಮನೆಯಲ್ಲಿ ಅರೆಭಾಷೆ, ತೋಟದಲ್ಲಿ ಎಲ್ಲರ ಭಾಷೆ. ಇಪ್ಪತ್ತರ ವಯಸ್ಸಿಗೆ ಹೊಳೆಬದಿ ಎಸ್ಟೇಟಿಗೆ ಸೇರಿ, ಐವತ್ತಕ್ಕೆ ಬರುವಾಗ ನಲವತ್ತು ಆಳುಗಳ ಮೇಸ್ತ್ರಿಯಾಗಿದ್ದ. ಅವನ ಹೆಸರೆಲ್ಲ ಇದ್ದದ್ದು ಬಲಗೈ ಹೆಬ್ಬೆರಳಿನಲ್ಲಿ. ಕಾಫಿ ಗಿಡದ ಕಾಂಡದಿಂದ ಕಂಬಚಿಗುರು ಎಂದು ಒಂದು ಏಳುತ್ತದೆ. ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಹಣ್ಣು ಕೊಡುವುದಿಲ್ಲ, ಗಿಡದ ಸಾರವನ್ನು ಮಾತ್ರ ಕುಡಿಯುತ್ತದೆ. ಅದನ್ನು ಎಳೆಯದಾಗಿರುವಾಗಲೇ ತೆಗೆಯಬೇಕು. ಕತ್ತಿ ಬೇಡ, ಹೆಬ್ಬೆರಳನ್ನು ಬುಡಕ್ಕೆ ಒತ್ತಿ ಪಕ್ಕಕ್ಕೆ ತಳ್ಳಿದರೆ ಟಕ್ಕನೆ ಬರುತ್ತದೆ. ಸಾಂತಪ್ಪ ಮಾತಾಡುತ್ತ, ಬೀಡಿ ಸೇದುತ್ತ, ಎಲ್ಲೋ ನೋಡುತ್ತ ಇಡೀ ಸಾಲನ್ನು ಮುಗಿಸುತ್ತಿದ್ದ. ಅವನು ದಾಟಿದ ಗಿಡದಲ್ಲಿ ಒಂದು ಕಂಬಚಿಗುರು ಉಳಿದಿದೆ ಎಂದು ತೋರಿಸಿದವರಿಲ್ಲ.

ಇಂಥ ಕೈ ಇದ್ದವನಿಗೆ ಉಳಿದವರ ಕೈಯೆಲ್ಲ ಕೊರಡಾಗಿ ಕಾಣುತ್ತದೆ. ದೆಹಲಿಗೆ ಹೋದ ವರ್ಷ ಮಳೆ ಬಿಟ್ಟ ಮೇಲೆ ಹಳೇ ಗಿಡಗಳ ಒಂದು ಸಾಲಿನಲ್ಲಿ ಗಿಡಕ್ಕೊಂದು ಕಂಬಚಿಗುರನ್ನು ಬೇಕೆಂದೇ ಉಳಿಸಿದ್ದರು. ಮುದಿ ಕಾಂಡವನ್ನು ತೆಗೆದು ಆ ಚಿಗುರನ್ನೇ ಹೊಸ ಗಿಡವಾಗಿ ಬೆಳೆಸುವ ಯೋಚನೆ. ಮುದ್ದಿ ಎಂಬ ಆಳು ಹೆಂಗಸು, ಹದಿನೈದು ವರ್ಷ ಅದೇ ಕೆಲಸ ಮಾಡಿದವಳು, ಆ ಸಾಲಿಗೆ ನುಗ್ಗಿ ಉಳಿಸಿದ್ದನ್ನೆಲ್ಲ ಮುರಿದು ಹಾಕಿದಳು. ಉಳಿಸಬೇಕೆಂದು ಬೆಳಿಗ್ಗೆ ಹೇಳಿದಾಗ ಅವಳು ನೀರಿಗೆ ಹೋಗಿದ್ದಳು. ಅದು ಸಾಂತಪ್ಪನಿಗೂ ಗೊತ್ತಿತ್ತು.

ಗೊತ್ತಿದ್ದೂ ಸಂಜೆ ಹಾಜರಿಯ ಹೊತ್ತಿಗೆ, ಮುರಿದ ಚಿಗುರುಗಳನ್ನೆಲ್ಲ ಅವಳ ಸೆರಗಿಗೆ ತುಂಬಿಸಿ, ನಲವತ್ತು ಜನರ ಮುಂದೆ ನಿಲ್ಲಿಸಿದ.

"ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು ನೋಡಿ! ಕಣ್ಣು ಎಲ್ಲಿ ಇಟ್ಟಿದ್ದೀಯೆ?"

ಮುದ್ದಿ ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದು ಕೈಯನ್ನು ಮುಂದೆ ಚಾಚಿದಳು. ಅಂಗೈ ಮೇಲಾಗಿ, ಬೆರಳು ಬಿಡಿಸಿ.

"ಕೈಗೆ ಗೊತ್ತಾಗ್ಲಿಲ್ಲ ಮೇಸ್ತ್ರಿಗಳೆ."

"ಕೈಗೆ ಬೇರೆ ಬುದ್ಧಿ ಉಂಟಾ? ಕೇಳ್ರಪ್ಪ, ಇವಳ ಕೈ ಶಾಲೆಗೆ ಹೋಗ್ಬೇಕಂತೆ!"

ಎಲ್ಲರೂ ನಕ್ಕರು. ಮೇಸ್ತ್ರಿ ನಗಿಸಿದಾಗ ನಗದಿದ್ದರೆ ನಾಳೆ ನಮ್ಮ ಸರದಿ ಎಂಬ ಹೆದರಿಕೆಯೂ ಇತ್ತು. ಮಾರನೆಯ ದಿನದಿಂದ ಮುದ್ದಿಗೆ ಗಿಡ ಮುಟ್ಟುವ ಕೆಲಸ ತಪ್ಪಿತು. ಗೊಬ್ಬರದ ಬುಟ್ಟಿ ಹೊರುವುದು ಅವಳ ಪಾಲಿಗೆ ಬಂತು.

ಕೊಡಗು ಮೈಸೂರಿಗೆ ಸೇರಿ ಆಗ ನಾಲ್ಕನೆಯ ವರ್ಷ. ದೆಹಲಿಯಲ್ಲಿ ದೊಡ್ಡ ಕೃಷಿ ಮೇಳ, ರಾಜ್ಯದ ರೈತರನ್ನು ರೈಲಿನಲ್ಲಿ ಕರೆದೊಯ್ಯುತ್ತಾರೆ ಎಂದು ಸುದ್ದಿ ಬಂತು. ಎಸ್ಟೇಟಿನ ಸಾಹುಕಾರರು ಸಾಂತಪ್ಪನ ಹೆಸರು ಕೊಟ್ಟರು. ಅವನ ಹೆಂಡತಿ ತಂಗಮ್ಮ ಅಕ್ಕಿಹುಡಿ, ಬೆಲ್ಲ, ಉಪ್ಪಿನಕಾಯಿ ಕಟ್ಟಿಕೊಟ್ಟು, "ಅಲ್ಲಿ ಎಂತೆಲ್ಲ ಉಟ್ಟೂಂತ ನೋಡಿ ಬಂದು ಹೇಳಿ" ಎಂದಳು.

ಮೇಳ ಎರಡು ದಿನಕ್ಕೆ ಮುಗಿಯಿತು. ಆಮೇಲೆ ಊರು ತೋರಿಸುವ ಕೆಲಸ. ತಂಡವನ್ನು ನಡೆಸುತ್ತಿದ್ದವರು ಮರುಳಸಿದ್ದಪ್ಪ ಎಂಬ ಅಧಿಕಾರಿ. ಹಿಂದಿ ಬಲ್ಲವರು, ಇತಿಹಾಸದ ಹುಚ್ಚು ಹತ್ತಿದವರು. ಮೊಗಲರ ತೋಟಗಳನ್ನು ನೋಡದೆ ದೆಹಲಿ ಬಿಡಬಾರದೆಂದು ಅವರ ಹಟ. ಹುಮಾಯೂನನ ಗೋರಿಯ ಸುತ್ತಲಿನ ತೋಟಕ್ಕೆ ಹೋದರು. ನಾಲ್ಕು ಚೌಕ, ಒಂದೊಂದು ಚೌಕದೊಳಗೆ ಮತ್ತೆ ಚೌಕ, ನಡುವೆ ಕಲ್ಲಿನ ಕಾಲುವೆ. ಕಾಲುವೆಯಲ್ಲಿ ನೀರಿರಲಿಲ್ಲ. ಒಣ ಕಾಲುವೆ ನೋಡಲು ಮೂರು ದಿನ ರೈಲಿನಲ್ಲಿ ಕೂತು ಬಂದೆನಲ್ಲ ಎಂದು ಕೊಡಗಿನವನಿಗೆ ಒಳಗೊಳಗೇ ನಗು. ಆದರೆ ಗೋರಿಯ ಜಗಲಿ ಹತ್ತಿ ಕೆಳಗೆ ನೋಡಿದಾಗ ನಗು ನಿಂತಿತು. ನೂಲು ಹಿಡಿದು ಎಳೆದ ಹಾಗೆ ದಾರಿ, ಮರ, ಹುಲ್ಲು. ಇದನ್ನು ಅಳೆದವನು ಸತ್ತು ನಾಲ್ಕು ನೂರು ವರ್ಷವಾಗಿದೆ, ಗೆರೆ ಮಾತ್ರ ಸೊಟ್ಟಗಾಗಿಲ್ಲ. ಅವನೂ ಒಬ್ಬ ಮೇಸ್ತ್ರಿಯೇ ಇರಬೇಕು ಎಂದುಕೊಂಡು ಸಾಂತಪ್ಪ ಟವೆಲನ್ನು ಹೆಗಲಿನಿಂದ ತೆಗೆದ.

ಸುತ್ತಾಟದ ಮೂರನೆಯ ದಿನ ನೋಡಿದ್ದು ಊರ ಹೊರಗಿನ ಒಂದು ಹಳೆಯ ಬಾಗ್, ಎಂದರೆ ತೋಟ. ಅದರ ಹೆಸರು ಮಾತ್ರ ಸಾಂತಪ್ಪ ಕೊನೆಯವರೆಗೂ ಹೇಳಲಿಲ್ಲ. ಅಲ್ಲಿ ಮುರಿದ ಗೋಡೆಯ ಒಳಗೆ, ಚಳಿಗಾಲದ ಬಿಸಿಲಲ್ಲಿ, ಗುಲಾಬಿಯ ಒಂದು ಸಾಲು. ಎದೆಯೆತ್ತರದ ಒಂಟಿ ಕಾಂಡ, ಮುಳ್ಳನ್ನೆಲ್ಲ ಸವರಿ ತೆಗೆದದ್ದು, ಪ್ರತಿಯೊಂದಕ್ಕೂ ಕೋಲಿನ ಆಸರೆ. ಮರುಳಸಿದ್ದಪ್ಪನವರು ಒಂದು ಕಮಾನಿನ ಕೆಳಗೆ ನಿಂತು ಬಾದಶಹರ ವಂಶಾವಳಿ ಹೇಳುತ್ತಿದ್ದರು. ಮಗನು ಅಪ್ಪನನ್ನು ಸೆರೆಯಲ್ಲಿಟ್ಟ ಕಥೆಗೆ ಬರುವಷ್ಟರಲ್ಲಿ ಸಾಂತಪ್ಪ ಬೇಸತ್ತು ಗುಂಪಿನಿಂದ ಜಾರಿ ಆ ಸಾಲಿಗೆ ಬಂದಿದ್ದ. ಮನೆ ಬಿಟ್ಟು ವಾರವಾಗಿತ್ತು. ಅಷ್ಟು ದಿನ ಗಿಡ ಮುಟ್ಟದೆ ಅವನು ಇದ್ದದ್ದೇ ಇಲ್ಲ.

ಕಾಂಡದ ಪಕ್ಕದಲ್ಲಿ ಎರಡು ಬೆರಳುದ್ದದ ಕೆಂಪು ಚಿಗುರು ನೆಟ್ಟಗೆ ಎದ್ದಿತ್ತು. ಮುಂದಿನದರಲ್ಲೂ ಹಾಗೆಯೇ. ಇಷ್ಟು ದೊಡ್ಡ ಊರು, ಕಂಬಚಿಗುರು ತೆಗೆಯಲು ಒಂದು ಆಳಿಲ್ಲವೇ ಎಂದುಕೊಂಡ. ಅನ್ನುವಷ್ಟರಲ್ಲಿ ಹೆಬ್ಬೆರಳು ಒತ್ತಿಯಾಗಿತ್ತು. ಟಕ್. ಸಾಂತಪ್ಪ ನಡೆಯುತ್ತ ಹೋದ, ಕೈ ತನ್ನ ಕೆಲಸ ಮಾಡುತ್ತ ಬಂತು. ಸಾಲಿನ ಕೊನೆಯಲ್ಲಿ ತಿರುಗಿ ನೋಡಿದಾಗ ಗಿಡಗಳೆಲ್ಲ ನುಣ್ಣಗೆ ನಿಂತಿದ್ದವು. ಪರದೇಶದಲ್ಲಿ ಒಂದು ಉಪಕಾರ ಮಾಡಿದ ತೃಪ್ತಿ. ತೋಟದಲ್ಲಿ ಕಸ ಬಿಸಾಡದ ಅಭ್ಯಾಸದವನು, ಚಿಗುರುಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ನೀರಿನ ಡಬ್ಬ ಹಿಡಿದು ಒಬ್ಬ ಮುದುಕ ಬಂದ. ತಲೆಗೆ ರುಮಾಲು, ಮೊಣಕಾಲಿಗೆ ಮಣ್ಣು; ಆ ತೋಟದ ಮಾಲಿ. ಮೊದಲ ಗಿಡದ ಮುಂದೆ ನಿಂತ. ಎರಡನೆಯದಕ್ಕೆ ಹೋದ. ಆಮೇಲೆ ಒಂದೊಂದರ ಗಾಯವನ್ನೂ ಬೆರಳ ತುದಿಯಿಂದ ಮುಟ್ಟುತ್ತ ಸಾಲಿನುದ್ದಕ್ಕೂ ನಡೆದು, ಕೊನೆಗೆ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅವನು ಕೂಗಿದ್ದರೆ ಸಾಂತಪ್ಪನಿಗೆ ಏನೂ ಅರ್ಥವಾಗುತ್ತಿರಲಿಲ್ಲ. ಕೂಗಲಿಲ್ಲ. ಗಿಡದ ಮುಂದೆ ಹಾಗೆ ಕೂತದ್ದು ಅರ್ಥವಾಯಿತು.

ಮರುಳಸಿದ್ದಪ್ಪನವರು ಓಡಿ ಬಂದು ಮಾತಾಡಿಸಿ, ತಂಡಕ್ಕೆ ತಿಳಿಸಿದರು. "ಕಸಿ ಕಟ್ಟಿದ ಗಿಡವಂತೆ ಕಣ್ರಪ್ಪ. ಕಾಡುಗುಲಾಬಿ ಕಾಂಡಕ್ಕೆ ಒಂದು ಹಳೇ ಜಾತಿಯ ಚಿಗುರಿನ ಕಣ್ಣು ಕೂರಿಸಿದ್ದನಂತೆ. ಆ ಚಿಗುರೇ ಗುಲಾಬಿ, ಮಿಕ್ಕಿದ್ದೆಲ್ಲ ಬರೀ ಕಾಡು ಗಿಡ. ಅದನ್ನೇ ಯಾರೋ ಮುರಿದವ್ರೆ. ತಾಯಿಗಿಡ ಹೋದ ತಿಂಗಳು ಸತ್ತೋಯ್ತಂತೆ. ಇನ್ನು ಆ ಜಾತಿ ಈ ತೋಟದಲ್ಲಿ ಇಲ್ಲ."

ಯಾರಾದರೂ ಮುಟ್ಟಿದಿರಾ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಾಂತಪ್ಪನ ಕೈ ಜೇಬಿಗೆ ಹೋಯಿತು. ಯಾರೂ ಅದನ್ನು ನೋಡಲಿಲ್ಲ. ಹೇಳಬೇಕು ಎಂದು ಬಾಯಿ ತೆರೆದ. ಅಷ್ಟರಲ್ಲಿ ಮರುಳಸಿದ್ದಪ್ಪನವರು ಅವನ ಹೆಗಲ ಮೇಲೆ ಕೈ ಹಾಕಿ ಮಾಲಿಗೆ ಹಿಂದಿಯಲ್ಲಿ ಏನೋ ಹೇಳಿ, ಕನ್ನಡದಲ್ಲೂ ಹೇಳಿದರು. "ನಮ್ಮೋರು ಗಿಡದ ಬೆಲೆ ಗೊತ್ತಿರೋರು. ಈ ಸಾಂತಪ್ಪನೋರು ಮೂವತ್ತು ವರ್ಷದಿಂದ ಕೊಡಗಿನಲ್ಲಿ ಕಾಫಿ ಮೇಸ್ತ್ರಿ. ಇಂಥೋರು ಮುರೀತಾರಾ?"

ತೆರೆದ ಬಾಯಿ ಮುಚ್ಚಿಕೊಂಡಿತು. ಮೂವತ್ತು ವರ್ಷದ ಹೆಸರು ಒಂದು ಕಡೆ, ಒಂದು ಮಾತು ಇನ್ನೊಂದು ಕಡೆ. ಸಾಂತಪ್ಪ ಹೆಸರನ್ನು ಇಟ್ಟುಕೊಂಡ.

ಮಾಲಿ ಎದ್ದು ಬಂದು ಸಾಂತಪ್ಪನ ಕೈ ಹಿಡಿದ. ಗಿಡದ ಹತ್ತಿರ ಕರೆದೊಯ್ದು, ಗಾಯ ತೋರಿಸಿ, ಇದಕ್ಕೆ ಏನಾದರೂ ಉಪಾಯ ಉಂಟೇ ಎಂದು ಕಣ್ಣಿನಲ್ಲೇ ಕೇಳಿದ. ದೊಡ್ಡ ಮೇಸ್ತ್ರಿಯಲ್ಲವೇ! ಚಿಗುರು ಮುರಿದ ಹೆಬ್ಬೆರಳನ್ನೇ ಆ ಮುದುಕ ಮುಷ್ಟಿಯಲ್ಲಿ ಹಿಡಿದಿದ್ದ. ಸಾಂತಪ್ಪ ಇಲ್ಲ ಎಂದು ತಲೆಯಾಡಿಸಿದ. ಮುದುಕ ಎದೆಗೆ ಕೈಯಿಟ್ಟು ಅವನಿಗೆ ವಂದಿಸಿದ.

ಆಮೇಲೆ ನಡೆದದ್ದೇ ಸಾಂತಪ್ಪನನ್ನು ಕಡೆಯವರೆಗೂ ತಿಂದದ್ದು. ಅತ್ತ ಹುಲ್ಲು ಕೀಳುತ್ತಿದ್ದ ಒಬ್ಬ ಕೂಲಿ ಹೆಂಗಸಿನ ಮೇಲೆ ಮಾಲಿಯ ಕಣ್ಣು ಬಿತ್ತು. ಅದುವರೆಗೆ ಹಿಡಿದಿಟ್ಟ ಸಂಕಟವೆಲ್ಲ ಅವಳ ಮೇಲೆ ಸಿಡಿಯಿತು. ಅವಳು ಎದ್ದು ನಿಂತು, ಒಂದೇ ಒಂದು ಮಾತು ಹೇಳಿ, ಎರಡೂ ಕೈ ಮುಂದೆ ಚಾಚಿದಳು. ಅಂಗೈ ಮೇಲಾಗಿ, ಬೆರಳು ಬಿಡಿಸಿ. ಮಾಲಿ ಅವಳ ಬುಟ್ಟಿಯನ್ನು ಎತ್ತಿ ಗೇಟಿನ ಹೊರಗೆ ಎಸೆದ. ಅವಳು ಬುಟ್ಟಿ ಹೆಕ್ಕಿಕೊಂಡು ಹೊರಟುಹೋದಳು. ಸಾಂತಪ್ಪನ ಜೇಬಿನಲ್ಲಿ ಹನ್ನೊಂದು ಚಿಗುರಿದ್ದವು.

ಊರಿಗೆ ಬಂದವನಿಗೆ ಮರ್ಯಾದೆಯೋ ಮರ್ಯಾದೆ. ಮೂರ್ನಾಡಿನ ಅಂಗಡಿಯಲ್ಲಿ ನಿಲ್ಲಿಸಿ ಕೇಳಿದರು, ಸಾಹುಕಾರರು ಬಂಗಲೆಗೆ ಕರೆಸಿ ಕೇಳಿದರು. ಅವನು ನಾಲ್ಕು ಚೌಕದ ಕಥೆ ಹೇಳಿದ, ಕಲ್ಲಿನ ಕಾಲುವೆಯ ಕಥೆ ಹೇಳಿದ, ಮೂರನೆಯ ದಿನಕ್ಕೆ ಬಂದಾಗ ಕೆಮ್ಮಿದ. ಹೊಗಳಿದಷ್ಟೂ ನಾಚಿಕೆ ಹೆಚ್ಚಾಯಿತು. ಬಟ್ಟಲ ಮುಂದೆ ಕೂತರೆ ತುತ್ತು ಇಳಿಯುತ್ತಿರಲಿಲ್ಲ. "ಎಂತ ಆತ್ ನಿಮ್ಗೆ? ದೆಲ್ಲಿ ನೀರು ಹಿಡಿಲ್ಲೆನಾ?" ಎಂದು ತಂಗಮ್ಮ ಕೇಳಿದಳು. ಅವಳಿಗೂ ಹೇಳಲಾಗಲಿಲ್ಲ.

ತೋಟದಲ್ಲಿ ಮುದ್ದಿ ದಿನಾ ಎದುರಾಗುತ್ತಿದ್ದಳು. ತಲೆಯ ಮೇಲೆ ಗೊಬ್ಬರದ ಬುಟ್ಟಿ, ಕುತ್ತಿಗೆಯ ಮೇಲೆ ಇಳಿದ ಸಗಣಿ ನೀರು. ಹತ್ತು ದಿನ ಅವನು ದಾರಿ ತಪ್ಪಿಸಿ ನಡೆದ. ಹನ್ನೊಂದನೆಯ ದಿನ ಗೊಬ್ಬರದ ಗುಂಡಿಯ ಹತ್ತಿರ ಅವಳೊಬ್ಬಳೇ ಸಿಕ್ಕಳು. ಒಣಗಿದ ಚಿಗುರುಗಳನ್ನು ಜೇಬಿನಿಂದ ತೆಗೆದು ತೋರಿಸಿ, ಮೊದಲಿನಿಂದ ಕೊನೆಯವರೆಗೆ ಹೇಳಿದ. "ನನ್ನ ಕೈಗೂ ಗೊತ್ತಾಗ್ಲಿಲ್ಲ ಮುದ್ದಿ. ನಿಂಗೆ ಹಾಗೆ ಮಾಡ್ಬಾರ್ದಿತ್ತು."

ಮುದ್ದಿ ಬುಟ್ಟಿ ಕೆಳಗಿಟ್ಟಳು.

"ನನ್ಗೆ ಬೈದಾಗ ಎಲ್ಲಾರೂ ಇದ್ರಲ್ಲ ಮೇಸ್ತ್ರಿಗಳೆ. ಈಗ ಗುಂಡಿ ಹತ್ರ ಯಾಕೆ ಹೇಳ್ತೀರಿ?"

ಕೋಪದಿಂದ ಹೇಳಲಿಲ್ಲ. ಕೋಪ ಮಾಡಿದ್ದರೆ ವಾಸಿಯಿತ್ತು.

ಅಂದು ಸಂಜೆ ಹಾಜರಿಗೆ ನಲವತ್ತು ಜನ ಸೇರಿದರು. ಸಾಂತಪ್ಪ ಚಿಗುರುಗಳನ್ನು ತನ್ನ ಟವೆಲಿನಲ್ಲಿ ಹಾಕಿ ಹಿಡಿದುಕೊಂಡು, ಮುದ್ದಿ ನಿಂತಿದ್ದ ಅದೇ ಜಾಗದಲ್ಲಿ ನಿಂತ. ದೆಹಲಿಯ ತೋಟದಲ್ಲಿ ಕಸಿ ಗುಲಾಬಿಯನ್ನು ಕಂಬಚಿಗುರೆಂದು ಮುರಿದೆ, ಕೇಳಿದಾಗ ಸುಮ್ಮನಿದ್ದೆ, ಮಂಗನ ಕೈ ನನ್ನದೇ ಎಂದ. ಆಮೇಲೆ ಯಾರೋ ಕಿಸಕ್ಕೆಂದರು, ಇಡೀ ಹಾಜರಿ ಘೊಳ್ಳೆಂದಿತು.

"ಮೇಸ್ತ್ರಿ ಒಳ್ಳೆ ತಮಾಷೆ ಮಾಡ್ತಾರಪ್ಪ! ಸಾಂತಪ್ಪ ಮೇಸ್ತ್ರಿ ಕೈ ತಪ್ಪೋದು ಉಂಟಾ?"

ಅವನು ನಿಜ, ನಿಜ ಎಂದಷ್ಟೂ ಅವರು ನಕ್ಕರು. ಯಾವ ಹೆಸರನ್ನು ಉಳಿಸಿಕೊಳ್ಳಲು ಅಲ್ಲಿ ಬಾಯಿ ಮುಚ್ಚಿದನೋ ಅದೇ ಹೆಸರು ಇಲ್ಲಿ ಅವನ ಮಾತನ್ನು ನಂಬಗೊಡಲಿಲ್ಲ. ಸಾಂತಪ್ಪನಿಗೆ ಅಳು ಬಂತು. ಟವೆಲ್ ಮುಖಕ್ಕೆ ಒತ್ತಿಕೊಳ್ಳೋಣವೆಂದರೆ ಅದರ ತುಂಬ ಚಿಗುರು.

ಮುದ್ದಿ ಮಾತ್ರ ನಗಲಿಲ್ಲ. ಮುಂದೆ ಬಂದು ಅವನ ಎದುರಿಗೆ ನಿಂತಳು. ನಾಳೆಯಿಂದ ನೀನು ನಿನ್ನ ಸಾಲಿಗೆ ಹೋಗು ಎಂದು ಅವನು ಹೇಳಿದ. ಅವಳು ಆಗಲಿ ಎಂದು ತಲೆಯಾಡಿಸಿ, ಹೋಗದೆ ಅಲ್ಲೇ ನಿಂತಳು.

"ಆ ಹೆಂಗ್ಸು?" ಎಂದಳು. "ಆ ಹೆಂಗ್ಸು ಮುರಿದದ್ದಲ್ಲ ಅಂತ ಅಲ್ಲಿ ಯಾರು ಹೇಳ್ತಾರೆ?"

ನಗು ಆಗ ನಿಂತಿತು. ಸಾಂತಪ್ಪ ತನ್ನ ಬಲಗೈಯನ್ನು ಬೆನ್ನ ಹಿಂದೆ ಒಯ್ದು ಎಡಗೈಯಲ್ಲಿ ಹಿಡಿದುಕೊಂಡ.

"ಯಾರೂ ಹೇಳುದಿಲ್ಲ ಮುದ್ದಿ," ಎಂದ.